ಹಿತ್ತಾಳೆಯ ತಾವರೆ ಗೂಟ

ನಮ್ಮೂರಿನಲ್ಲಿ ಹುಡುಗನ ಮನೆ ನೋಡಲು ಹೋದ ಹೆಣ್ಣಿನ ಕಡೆಯವರು ಅಡುಗೆಮನೆ, ಬಚ್ಚಲುಮನೆ ಎಲ್ಲ ಬಿಟ್ಟು ನೇರ ಮಲಗುವ ಕೋಣೆಗೆ ನುಗ್ಗಿ ಗೂಟ ಅಲ್ಲಾಡಿಸಿ ನೋಡುತ್ತಾರೆ. ದಿನದ ಕೆಲಸ ಮುಗಿದ ಮೇಲೆ ದಣಿವನ್ನು ಬಿಚ್ಚಿ ನೇತುಹಾಕಲು ಗೂಟ ಗಟ್ಟಿಯಾಗಿರಬೇಕಲ್ಲ. ಮಕ್ಕಳದ್ದಾದರೆ ಪರವಾಗಿಲ್ಲ, ಪುಟ್ಟ ಅಂಗಿಯಷ್ಟಿರುತ್ತದೆ, ಕಿಟಕಿಯ ಚಿಲಕಕ್ಕೆ ಸಿಕ್ಕಿಸಿದರೂ ಆಯಿತು. ದೊಡ್ಡವರದ್ದು ಕಂಬಳಿಯಷ್ಟು ತೂಗುತ್ತದೆ. ಕೋಣೆ ಒಳ್ಳೆಯದಾಗಿದ್ದರೆ ಬೆಳಗಾಗುವುದರೊಳಗೆ ಎಲ್ಲ ಕರಗಿ ಗೂಟ ಬರಿದಾಗಿರುತ್ತದೆ. ಕೋಣೆ ಸರಿಯಿಲ್ಲದಿದ್ದರೆ ಅಲ್ಲೇ ನೇತಾಡುತ್ತಿರುತ್ತದೆ, ಮತ್ತೆ ಹೆಗಲಿಗೆ ಹಾಕಿಕೊಂಡೇ ಕೆಲಸಕ್ಕೆ ಹೊರಡಬೇಕು. ಗೂಟದಲ್ಲೇ ಬಿಟ್ಟು ಹೋಗಲು ನೋಡಿದ ಜಾಣರೂ ಇದ್ದಾರೆ. ಹೊಸ್ತಿಲು ದಾಟುವುದರೊಳಗೆ ಅದು ಬಂದು ಬೆನ್ನಿಗೆ ಕೂತಿರುತ್ತದೆ.

ನನ್ನದು ಸೀಮೆಸುಣ್ಣದ ಪುಡಿ ಮೆತ್ತಿದ ದಣಿವು. ಒಂದನೇ ತರಗತಿಯ ಮಕ್ಕಳಿಗೆ ಪಾಠ ಹೇಳುವವಳು ನಾನು. ಆದರೆ ಇದು ನನ್ನ ಕಥೆಯಲ್ಲ, ಗೋಡೆಯಾಚೆಯ ನಂಜಮಣಿಯದು. ಅವಳ ಮನೆಯೊಳಗೆ ನಡೆದದ್ದು ನನಗೆ ಹೇಗೆ ಗೊತ್ತು ಎಂದು ಯಾರೂ ಕೇಳಬೇಕಾಗಿಲ್ಲ. ನಮ್ಮಿಬ್ಬರ ಮನೆಗೆ ಇರುವುದು ಒಂದೇ ಗೋಡೆ, ಮತ್ತು ನಂಜಮಣಿಗೆ ಮೆಲ್ಲಗೆ ಮಾತಾಡಿ ಅಭ್ಯಾಸವಿಲ್ಲ.

ನಂಜಮಣಿ ಮೆಸ್ ನಡೆಸುತ್ತಾಳೆ. ನೂಲಿನ ಗಿರಣಿಯ ಒಂಟಿ ಗಂಡಸರು, ಬಸ್ ಡಿಪೋದವರು, ವರ್ಗವಾಗಿ ಬಂದು ಸಂಸಾರ ಕರೆತರದ ಗುಮಾಸ್ತರು, ಎಲ್ಲರಿಗೂ ಎರಡು ಹೊತ್ತೂ ಅವಳ ಕೈಯ ಮುದ್ದೆ, ಸಾರೇ ಗತಿ. ಗಂಡ ಶಿವಮಲ್ಲಪ್ಪ ಗಲ್ಲಾದಲ್ಲಿ ಕೂರುತ್ತಾನೆ. ಕೂರುವುದೂ ಕೆಲಸವೇ ಎಂಬುದು ಅವನ ವಾದ. ಅವನ ದಣಿವು ಮಾತ್ರ ಕರವಸ್ತ್ರದಷ್ಟು ದೊಡ್ಡದಿದ್ದರೆ ಹೆಚ್ಚು. ಅದನ್ನೇ ಅವನು ಸಂಜೆ ಬಲು ಗಂಭೀರವಾಗಿ ಬಿಚ್ಚಿ, ಎರಡು ಸಲ ಕೊಡವಿ, ಉಸ್ಸೆಂದು ನೇತುಹಾಕುತ್ತಾನೆ.

ಅವರ ಮಲಗುವ ಕೋಣೆ ಹೆಸರಿಗಷ್ಟೇ ಮಲಗುವ ಕೋಣೆಯಾಗಿತ್ತು. ಅಕ್ಕಿ ಮೂಟೆ, ರಾಗಿ ಮೂಟೆ, ಈರುಳ್ಳಿ ಚೀಲ, ಮದುವೆ ಮನೆಗಳಿಗೆ ಬಾಡಿಗೆ ಕೊಡುವ ದೊಡ್ಡ ಪಾತ್ರೆಗಳು, ಮುಂದಿನ ಚಕ್ರ ಇಲ್ಲದ ಒಂದು ಸೈಕಲ್ಲು. ಇವುಗಳ ನಡುವೆ ಉಳಿದ ಜಾಗದಲ್ಲಿ ಗಂಡ ಹೆಂಡತಿ ಮೈ ಮುದುರಿ ಮಲಗುತ್ತಿದ್ದರು. ಅಂಥ ಕೋಣೆಯಲ್ಲಿ ದಣಿವು ಕರಗುವುದಾದರೂ ಹೇಗೆ? ಬೆಳಿಗ್ಗೆ ನೋಡಿದರೆ ನಂಜಮಣಿಯದು ಅರ್ಧಕ್ಕರ್ಧ ಉಳಿದಿರುತ್ತಿತ್ತು. ಅದರ ಮೇಲೆ ಅಂದಿನದು, ಅದರ ಮೇಲೆ ಮರುದಿನದ್ದು. ಒಗ್ಗರಣೆಯ ವಾಸನೆ, ಒಲೆಯ ಮಸಿ, ಬೆವರು ಎಲ್ಲ ಸೇರಿ ಅದು ಯಾವ ಬಣ್ಣದ್ದೆಂದು ಹೇಳಲಾಗದಂತೆ ಆಗಿತ್ತು. ಅವಳು ಸಂತೆಗೆ ನಡೆದು ಹೋಗುತ್ತಿದ್ದರೆ ಹಿಂದೆ ಅದರ ಅಂಚು ಬೀದಿ ಗುಡಿಸುತ್ತಿತ್ತು.

ಒಂದು ದಿನ ಅದು ಕೊರಳ ಹತ್ತಿರ ಬಿಗಿ ಹಿಡಿಯಿತು. ದಣಿವನ್ನು ತಲೆಯ ಮೇಲಿಂದ ಎಳೆದು ತೆಗೆಯಬೇಕು, ಕೊರಳು ಸಡಿಲವಿದ್ದರೆ ಸಲೀಸು. ಅವತ್ತು ಶಿವಮಲ್ಲಪ್ಪ ಗೋಡೆಗೆ ಕಾಲು ಕೊಟ್ಟು ಎಳೆದ ಮೇಲೆ ಬಂತು. ಗಾಬರಿಬಿದ್ದು ಸಾಕಮ್ಮನನ್ನು ಕರೆಸಿದರು. ಹಿಡಿದುಕೊಂಡ ದಣಿವಿಗೆ ಹರಳೆಣ್ಣೆ ಹಚ್ಚಿ ಬಿಡಿಸುವವಳು ಅವಳು. ನಂಜಮಣಿಯ ಕತ್ತಿನ ಸುತ್ತ ಬೆರಳಾಡಿಸಿ, "ಎಣ್ಣೆಲಿ ಇನ್ನೆಷ್ಟು ದಿನ ತಳ್ಳೋಕಾಯ್ತದೆ ಮಗ? ಮೊದ್ಲು ಒಂದು ಸರಿಯಾದ ರೂಮು ಮಾಡ್ಕೋ. ಇದು ಮೈಗೆ ಹತ್ಕೊಂಡ್ರೆ ಆಮೇಲೆ ನನ್ ಕೈಲೂ ಆಗಲ್ಲ, ಯಾರ ಕೈಲೂ ಆಗಲ್ಲ" ಎಂದಳು.

ಮೈಗೆ ಹತ್ತಿಕೊಳ್ಳುವುದೆಂದರೆ ಏನೆಂದು ನಂಜಮಣಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಅವ್ವನಿಗೆ ಹಾಗೇ ಆಗಿತ್ತು. ರೋಗವಿಲ್ಲ, ರುಜಿನವಿಲ್ಲ, ಮೂಲೆಯಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ಮಗಳು ಎದುರು ನಿಂತು ಅವ್ವಾ ಎಂದು ಕರೆದರೆ ತಲೆಯೆತ್ತಲು ಶುರು ಮಾಡುತ್ತಿದ್ದಳು, ಎತ್ತಿ ಮುಗಿಯುವುದರೊಳಗೆ ಯಾಕೆ ಎತ್ತುತ್ತಿದ್ದೇನೆಂಬುದು ಮರೆತುಹೋಗುತ್ತಿತ್ತು. ಅವಳು ಹೋದಾಗ ದಣಿವಿನ ಸಮೇತವೇ ಮಣ್ಣು ಮಾಡಿದರು. ಸಾಕಮ್ಮ ಹೋದ ಮೇಲೆ ನಂಜಮಣಿ ಒಲೆಯ ಮುಂದೆ ಕೂತು ಬಹಳ ಹೊತ್ತು ಏನೂ ಮಾಡಲಿಲ್ಲ. ಸಾರು ತಳ ಹತ್ತಿತು. ಅವಳ ಮೆಸ್ಸಿನಲ್ಲಿ ಅದುವರೆಗೆ ಹಾಗೆ ಆದದ್ದಿಲ್ಲ.

ಮರುದಿನವೇ ಕೋಣೆ ಖಾಲಿ ಮಾಡಿಸಿದಳು.

"ಮೂಟೆನೆಲ್ಲಾ ಎಲ್ಲಿಡೋದು ಅಂತ?" ಎಂದ ಶಿವಮಲ್ಲಪ್ಪ.

"ಗಲ್ಲಾದ ಹಿಂದೆ."

"ಅಲ್ಲಿ ನಾನ್ ಕೂತಿರ್ತೀನಲ್ಲ."

"ಈರುಳ್ಳಿ ಮುಂದಿಟ್ಕೊಂಡು ಕೂತ್ಕೊಳಿ. ಜನ ನೋಡಿ, ಪಾಪ ಎಷ್ಟು ಕಷ್ಟಪಟ್ಟು ಅಳ್ತಾವ್ರೆ ಅನ್ಕೊಳ್ಳಿ."

ನಂಜಮಣಿಯ ಹಟ ಅಂಥಿಂಥದಲ್ಲ. ಗೋಡೆಗೆ ಬಾದಾಮಿ ಹಾಲಿನ ಬಣ್ಣ ಹೊಡೆಸಿದಳು. ಮೊದಲು ಹೊಡೆದದ್ದು ತುಸು ಹಳದಿಯಾಯಿತೆಂದು ಕೆರೆಸಿ ಮತ್ತೆ ಹೊಡೆಸಿದಳು. ಹಳೆಯ ಪ್ರವಾಸಿ ಮಂದಿರ ಮುಚ್ಚಿದಾಗ ಹರಾಜಿಗೆ ಬಂದಿದ್ದ ಬೀಟೆ ಮಂಚವೊಂದು ಮರದ ವ್ಯಾಪಾರಿಯ ಗೋದಾಮಿನಲ್ಲಿ ಬಿದ್ದಿತ್ತು. ಅದನ್ನು ಎತ್ತಿನ ಗಾಡಿಯ ಮೇಲೆ ಹೇರಿಸಿಕೊಂಡು ತಾನೇ ಮುಂದೆ ನಡೆದು ಬಂದಳು. ಬೂರುಗದ ಹತ್ತಿ ತರಿಸಿ ಹಾಸಿಗೆ ಹೊಲಿಸಿದಳು, ಕೂತರೆ ಮೊಣಕಾಲವರೆಗೆ ಹೂತುಹೋಗಬೇಕು ಎಂಬುದು ಅವಳ ಅಪ್ಪಣೆ. ಅದರ ಮೇಲೆ ಬಿಳಿಯ ಮಗ್ಗದ ಹಾಸು, ಇಬ್ಬರೇ ಮಲಗುವ ಮಂಚಕ್ಕೆ ನಾಲ್ಕು ಕಡೆಯೂ ದಿಂಬು. ಕಿಟಕಿಗೆ ಎರಡು ಪದರದ ಪರದೆ, ಒಳಗಿನದು ತೆಳು, ಹೊರಗಿನದು ದಪ್ಪ, ಮಧ್ಯಾಹ್ನದ ಬಿಸಿಲೂ ಜೇನಿನ ಬಣ್ಣಕ್ಕೆ ತಿರುಗಿ ಒಳಗೆ ಬರಬೇಕು. ಮೂಲೆಯಲ್ಲಿ ಬಟ್ಟೆಯ ಗೂಡಿನೊಳಗೆ ಒಂದು ಸಣ್ಣ ದೀಪ. ಕಾಲಿಗೆ ಜಮಖಾನ. ಕಿಟಕಿಯಲ್ಲಿ ಲಾವಂಚದ ಕಟ್ಟು, ನೀರು ಚಿಮುಕಿಸಿದರೆ ಕೋಣೆಯೆಲ್ಲ ತಂಪು ವಾಸನೆ. ಪರದೆಯ ಅಂಚು ಹೊಲಿದುಕೊಟ್ಟವಳು ನಾನೇ. ಹೊಲಿಯುತ್ತಾ ಅಲ್ಲೇ ಎರಡು ಸಲ ತೂಕಡಿಸಿ ಬೆರಳು ಚುಚ್ಚಿಕೊಂಡೆ, ಕೋಣೆ ಅಷ್ಟು ಚೆನ್ನಾಗಿತ್ತು.

ಗೂಟವೊಂದು ಉಳಿದಿತ್ತು. ಕಪ್ಪಾಗಿ, ಜಿಡ್ಡುಗಟ್ಟಿ, ಆ ಗೋಡೆಯ ಮೇಲೆ ನೋಡಲಾಗದಂತಿತ್ತು. ಅದನ್ನು ಕೀಳಿಸಿ, ಪೇಟೆಯಿಂದ ಹಿತ್ತಾಳೆಯ ಗೂಟ ತಂದು ಹೊಡೆಸಿದಳು. ಅರಳಿದ ತಾವರೆ, ಅದರ ನಡುವಿನಿಂದ ಮುಂದಕ್ಕೆ ಬಾಗಿದ ಕೊಕ್ಕೆ. ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅದರಲ್ಲಿ ಮುಖ ಕಾಣುವ ಹಾಗೆ ಮಾಡಿದಳು.

ಕೆಲಸವೆಲ್ಲ ಮುಗಿದ ದಿನ ಸಂಜೆ ತಲೆಗೆ ಸ್ನಾನ ಮಾಡಿ, ಕೋಣೆಗೆ ಬಂದು, ಗಂಡನ ಕೈಯಲ್ಲಿ ದಣಿವು ಎಳೆಸಿಕೊಂಡಳು. ಅದನ್ನು ಎರಡೂ ಕೈಯಲ್ಲಿ ಹಿಡಿದು ತಾವರೆಯ ಮುಂದೆ ನಿಂತಳು. ಬಾದಾಮಿ ಹಾಲಿನ ಗೋಡೆ ನೋಡಿದಳು. ಕೈಯಲ್ಲಿದ್ದದ್ದನ್ನು ನೋಡಿದಳು. ಮಸಿ, ಎಣ್ಣೆ, ಅದೇ ಈರುಳ್ಳಿಯ ನಾತ. ಲಾವಂಚದ ವಾಸನೆಯ ನಡುವೆ ಅದು ಇನ್ನೂ ಜೋರಾಗಿ ಮೂಗಿಗೆ ಹೊಡೆಯಿತು.

"ಇವತ್ತೊಂದಿನ ಬೇಡ ಕಣ್ರೀ" ಎಂದಳು. "ಹೊಸ ಗೋಡೆ. ನಾಳೆ ಒಗೆದು ಹಾಕ್ತೀನಿ."

ದಣಿವನ್ನು ಒಗೆಯಬಾರದು ಎಂಬುದು ನಮ್ಮೂರ ಎಳೆ ಮಕ್ಕಳಿಗೂ ಗೊತ್ತು. ನೀರು ಕುಡಿದರೆ ಅದು ಇನ್ನಷ್ಟು ಭಾರವಾಗುತ್ತದೆ, ಕೊಳೆ ಮಾತ್ರ ಹೋಗುವುದಿಲ್ಲ. ನಂಜಮಣಿಗೂ ಗೊತ್ತಿತ್ತು. ಆದರೂ ಬೆಳಿಗ್ಗೆ ಎದ್ದು ಹಿತ್ತಲಿನ ಕಲ್ಲಿನ ಮೇಲೆ ಹಾಕಿ, ಸೋಪು ಹಚ್ಚಿ, ಕುಕ್ಕಿ ಕುಕ್ಕಿ ಒಗೆದಳು. ನಾನು ಗೋಡೆಯ ಮೇಲಿಂದ ಇಣುಕಿ, "ಏನ್ ಮಾಡ್ತಿದೀಯ ನಂಜಮಣಿ, ತಲೆ ನೆಟ್ಟಗಿದೆಯಾ?" ಎಂದೆ. "ನಿಮ್ ಕೆಲಸ ನೋಡ್ಕೊಳಿ ಟೀಚರಮ್ಮ" ಎಂದಳು. ಒಗೆದದ್ದನ್ನು ಬಟ್ಟೆ ಒಣಗಿಸುವ ತಂತಿಯ ಮೇಲೆ ಹರವಿದಳು. ತಂತಿ ನೆಲ ಮುಟ್ಟುವಂತೆ ಬಾಗಿತು. ಮಧ್ಯಾಹ್ನ ಒಲೆಯ ಮುಂದೆ ನಿಂತಾಗ ಅದು ತೊಟ್ಟಿಕ್ಕುತ್ತಲೇ ಬಂದು ಅವಳ ಬೆನ್ನಿಗೆ ಕೂತಿತು.

ಅವತ್ತಿನಿಂದ ದಿನವೂ ಅದೇ ಆಯಿತು. ದಣಿವು ಹಿತ್ತಲಿನ ತಂತಿಗೆ, ನಂಜಮಣಿ ಕೋಣೆಗೆ. ಗಂಡನ ಕರವಸ್ತ್ರಕ್ಕೂ ತಾವರೆಯ ಭಾಗ್ಯವಿಲ್ಲ, ಅದು ಗಲ್ಲಾದ ಮೊಳೆಗೆ. ಕೋಣೆ ನೋಡಲು ಊರೆಲ್ಲ ಬರತೊಡಗಿತು. ಬಂದವರು ಬಚ್ಚಲಿಗೆ ಹೋಗಿ ಕಾಲು ತೊಳೆದು, ಒರೆಸಿಕೊಂಡು, ಹೊಸ್ತಿಲ ಈಚೆಯೇ ನಿಂತು ಕತ್ತು ಚಾಚಿ ನೋಡಬೇಕು. ಡಿಪೋ ಮ್ಯಾನೇಜರ ಹೆಂಡತಿ ಬಂದು ನೋಡಿ, ನಮ್ಮನೇಲೂ ಇಂಥದ್ದಿಲ್ಲ ಎಂದಳಂತೆ. ಆ ಮಾತನ್ನು ನಂಜಮಣಿ ಗೋಡೆಯ ಮೇಲಿಂದ ನನಗೆ ಮೂರು ಸಲ ಹೇಳಿದಳು. ಹೇಳುವಾಗ ಅವಳ ಕಣ್ಣಿನ ಕೆಳಗೆ ಕಪ್ಪಗಾಗಿದ್ದನ್ನು ನಾನು ನೋಡಿದೆ. ಮಂಚದ ಮೇಲೆ ಮಲಗಿದರೆ ಹಾಸು ಸುಕ್ಕಾಗುತ್ತದೆಂದು ಅವಳು ಜಮಖಾನದ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದಾಳೆಂದು ಶಿವಮಲ್ಲಪ್ಪ ಬಂದು ನನ್ನ ಬಳಿ ಹೇಳಿಕೊಂಡ. "ನಾನೆಲ್ಲಿ ಮಲಗ್ತೀನಿ ಅಂತ ಮಾತ್ರ ಕೇಳ್ಬೇಡಿ ಟೀಚರಮ್ಮ" ಎಂದ. ಅವನ ಮೈಯೆಲ್ಲ ಈರುಳ್ಳಿ ಸಿಪ್ಪೆ.

ಅವನು ಹೆಂಡತಿಗೆ ಹೇಳಲಿಲ್ಲವೆಂದಲ್ಲ. "ಏ ನಂಜಿ, ಕೋಣೆ ಮಾಡ್ಸಿದ್ದು ಯಾತಕ್ಕೆ? ಅದನ್ನ ಒಳಗೆ ಹಾಕೇ" ಎಂದು ಗೋಗರೆಯುವುದು ನನಗೂ ಕೇಳಿಸುತ್ತಿತ್ತು. "ಹಾಕ್ತೀನಿ, ಹಬ್ಬ ಕಳೀಲಿ." "ಹಾಕ್ತೀನಿ, ನಿಮ್ಮ ತಂಗಿ ಬಂದು ನೋಡ್ಕೊಂಡು ಹೋಗ್ಲಿ." ಅವಳಿಗೆ ಒಂದಲ್ಲ ಒಂದು ನೆಪ ಸಿಗುತ್ತಿತ್ತು. ಕೊರಳು ಮಾತ್ರ ದಿನದಿಂದ ದಿನಕ್ಕೆ ಬಿಗಿಯಾಗುತ್ತಿತ್ತು. ಮುದ್ದೆ ಕಟ್ಟುತ್ತಾ ಕಟ್ಟುತ್ತಾ ಅವಳು ನಿಂತುಬಿಡುತ್ತಿದ್ದಳು. ಊಟಕ್ಕೆ ಬಂದವರು ನಂಜಮಣಕ್ಕಾ ಎಂದು ಕೂಗಿದರೆ ಒಂದು ಗಳಿಗೆ ತಡೆದು ತಲೆಯೆತ್ತುತ್ತಿದ್ದಳು. ಆ ತಡೆದದ್ದನ್ನು ನೋಡಿದ ದಿನ ನನಗೆ ಅನ್ನ ಸೇರಲಿಲ್ಲ.

ನಾದಿನಿ ಮಾದೇವಿ ಬಂದದ್ದು ಒಂದು ಮಧ್ಯಾಹ್ನ. ಶಿವಮಲ್ಲಪ್ಪನ ಬೆನ್ನಿಗೆ ಹುಟ್ಟಿದವಳು, ಅಣ್ಣನ ಹಾಗಲ್ಲ, ದುಡಿಯುವ ಜೀವ. ಊರೂರು ತಿರುಗಿ ಬಳೆ ಮಾರುತ್ತಾಳೆ. ಸಂತೆಯಿಂದ ಸಂತೆಗೆ ಬಸ್ಸು ಹತ್ತಿ ಇಳಿದು ಬಂದಿದ್ದಳು. ಅವಳ ದಣಿವು ಕೆಂಪು ಧೂಳು ಹಿಡಿದು, ಡೀಸೆಲ್ ವಾಸನೆ ಹೊಡೆಯುತ್ತಾ, ಒಂದು ಕಡೆ ಹರಿದು ನೇತಾಡುತ್ತಿತ್ತು. ಬಳೆ ಪೆಟ್ಟಿಗೆಯನ್ನು ಗಲ್ಲಾದ ಮೇಲಿಟ್ಟು, "ಅತ್ತಿಗೇ, ರೂಮು ಮಾಡಿಸಿದ್ದೀಯಂತೆ" ಎನ್ನುತ್ತಾ ಒಳಗೆ ನಡೆದಳು. ಕಾಲು ತೊಳೆಯಲಿಲ್ಲ. ಹೊಸ್ತಿಲಲ್ಲಿ ನಿಲ್ಲಲಿಲ್ಲ. ದಣಿವನ್ನು ತಲೆಯ ಮೇಲಿಂದ ಕಿತ್ತು, ತಾವರೆಗೆ ಎಸೆದಂತೆ ಹಾಕಿ, ಮಂಚದ ಮೇಲೆ ಮುಗ್ಗರಿಸಿ ಬಿದ್ದಳು. ನಂಜಮಣಿ ಸೌಟು ಹಿಡಿದು ಬಾಗಿಲಿಗೆ ಬರುವುದರೊಳಗೆ ಗೊರಕೆ ಶುರುವಾಗಿತ್ತು.

ನಂಜಮಣಿಗೆ ಮೈಯೆಲ್ಲ ಉರಿಯಿತು. ಬಿಳಿಯ ಹಾಸಿನ ಮೇಲೆ ಧೂಳಿನ ಕಾಲು. ದಿಂಬಿನ ಮೇಲೆ ಎಣ್ಣೆತಲೆ. ಎಬ್ಬಿಸಬೇಕೆಂದು ಎರಡು ಹೆಜ್ಜೆ ಒಳಗಿಟ್ಟಳು, ಅಷ್ಟರಲ್ಲಿ ಅವಳ ಕಣ್ಣು ಗೂಟದ ಮೇಲೆ ಹೋಯಿತು. ಮಾದೇವಿಯ ದಣಿವಿನ ಅಂಚು ಕರಗುತ್ತಿತ್ತು. ರಾತ್ರಿಯಾಗಿಲ್ಲ, ಮಲಗಿ ಇನ್ನೂ ಸಾರು ಕುದಿಯುವಷ್ಟು ಹೊತ್ತೂ ಆಗಿಲ್ಲ. ಕೆಳಗಿನಿಂದ ಶುರುವಾಗಿ ಹರಿದ ಕಡೆ ಹೋಯಿತು, ತೋಳು ಹೋಯಿತು, ಗೋಡೆಯ ಬಣ್ಣ ಅದರ ಮೂಲಕ ಕಾಣತೊಡಗಿತು. ನಂಜಮಣಿ ಹುಟ್ಟಿದಾಗಿನಿಂದ ಅಂಥದ್ದನ್ನು ನೋಡಿರಲಿಲ್ಲ. ಸೌಟು ಹಿಡಿದುಕೊಂಡೇ ಜಮಖಾನದ ಮೇಲೆ ಕೂತು ನೋಡಿದಳು. ಪರದೆಯ ಮೇಲಿನ ಬಿಸಿಲು ಇಳಿಯುವ ಹೊತ್ತಿಗೆ ತಾವರೆ ಬರಿದಾಗಿ ಹೊಳೆಯುತ್ತಿತ್ತು. ಗೋಡೆಯ ಮೇಲೆ ಒಂದು ಕಲೆಯೂ ಇರಲಿಲ್ಲ.

ಮಾದೇವಿ ಎದ್ದು ಮೈ ಮುರಿದಳು. ಮದುವೆಗೆ ಮುಂಚೆ ಹೇಗಿದ್ದಳೋ ಹಾಗೆ ಕಂಡಳು. "ಅಯ್ಯೋ ಅತ್ತಿಗೆ, ಏನು ರೂಮು ಮಾಡಿದ್ದೀಯೇ. ನನಗೆ ಹಸಿವಾಗ್ತದೆ, ಎಷ್ಟು ದಿನ ಆಗಿತ್ತು ಹಸಿವಾಗಿ" ಎಂದವಳು, ನೆಲದ ಮೇಲೆ ಕೂತಿದ್ದ ಅತ್ತಿಗೆಯನ್ನು ಆಗ ಸರಿಯಾಗಿ ನೋಡಿದಳು. "ನಿನ್ನದ್ಯಾಕೆ ಹಿಂಗಾಗಿದೆ? ನೀನು ದಿನಾ ಇಲ್ಲೇ ತಾನೇ ಹಾಕೋದು?"

ನಂಜಮಣಿ ಸೌಟು ಕೆಳಗಿಟ್ಟಳು. ಎದ್ದು, ತೋಳು ಮೇಲೆತ್ತಿ, ದಣಿವನ್ನು ಎಳೆದಳು. ಬರಲಿಲ್ಲ. ಮಾದೇವಿ ಎಳೆದಳು. ಬರಲಿಲ್ಲ. ಶಿವಮಲ್ಲಪ್ಪ ಓಡಿಬಂದು ಗೋಡೆಗೆ ಕಾಲು ಕೊಟ್ಟ, ಈ ಸಲ ಬಾದಾಮಿ ಹಾಲಿನ ಗೋಡೆಯ ಮೇಲೆ ಅವನ ಪಾದ ಮೂಡಿದರೂ ನಂಜಮಣಿ ಏನೂ ಅನ್ನಲಿಲ್ಲ. ಸಾಕಮ್ಮ ಬಂದಳು. ಎಣ್ಣೆ ಹಚ್ಚಿದಳು, ಉಗುರಿನಿಂದ ಅಂಚು ಹುಡುಕಿದಳು. ಅಂಚೇ ಸಿಗಲಿಲ್ಲ. ಕೈ ಒರೆಸಿಕೊಂಡು ಪಕ್ಕಕ್ಕೆ ಕೂತಳು.

"ಅವ್ವನ್ ಥರಾನೇ ಆಗೋದೆ ಅಲ್ವಾ ನಾನು" ಎಂದಳು ನಂಜಮಣಿ. ಗೋಡೆಯಾಚೆ ಇದ್ದ ನನಗೆ ಅವಳ ದನಿ ಅಷ್ಟು ಸಣ್ಣಗೆ ಕೇಳಿದ್ದು ಹೊಸದು. ನಾನು ಚಪ್ಪಲಿಯನ್ನೂ ಮೆಟ್ಟದೆ ಆ ಮನೆಗೆ ಓಡಿದೆ.

ನಾನು ಹೋದಾಗ ಮಾದೇವಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. "ಬಿಚ್ಚೋಕೆ ಬರದಿದ್ರೆ ಹೋಗ್ಲಿ ಅತ್ತಿಗೆ. ಹಾಕ್ಕೊಂಡೇ ಮಲಿಕ್ಕೋ."

ಸಾಕಮ್ಮ ಬಾಯಿಗೆ ಕೈಯಿಟ್ಟುಕೊಂಡಳು. ದಣಿವು ತೊಟ್ಟು ಹಾಸಿಗೆ ಹತ್ತುವುದೆಂದರೆ ನಮ್ಮೂರಿನಲ್ಲಿ ಚಪ್ಪಲಿ ಮೆಟ್ಟಿ ದೇವರ ಮನೆಗೆ ಹೋದಷ್ಟೇ ದೊಡ್ಡ ಮೈಲಿಗೆ. ಕುಡಿದು ಬಂದ ಗಂಡಸರೂ ಹಾಗೆ ಮಾಡುವುದಿಲ್ಲ.

"ಆ ಹಾಸಿನ ಮೇಲಾ?" ಎಂದಳು ನಂಜಮಣಿ. "ಈ ಕೊಳೆ ಸಮೇತಾನಾ? ಒಂದು ಗಂಟೆ ಅದನ್ನ ಇಸ್ತ್ರಿ ಮಾಡಿದೀನಿ ಕಣೇ."

"ಯಾರಿಗೆ ಅಂತ ಮಾಡಿದ್ದು?" ಎಂದಳು ಮಾದೇವಿ. "ಮ್ಯಾನೇಜರ ಹೆಂಡ್ತಿಗಾ?"

ನಂಜಮಣಿ ಮಂಚವನ್ನು ನೋಡಿದಳು. ಅದರ ಮೇಲೆ ಅಷ್ಟರಲ್ಲಾಗಲೇ ನಾದಿನಿಯ ಕಾಲಿನ ಧೂಳಿತ್ತು. ಮೆಲ್ಲಗೆ ಅಂಚಿನಲ್ಲಿ ಕೂತಳು, ಎದ್ದಳು, ಮತ್ತೆ ಕೂತಳು. ಶಿವಮಲ್ಲಪ್ಪ ಬಗ್ಗಿ ಅವಳ ಕಾಲುಗಳನ್ನು ಎತ್ತಿ ಹಾಸಿಗೆಯ ಮೇಲಿಟ್ಟ. ಎಷ್ಟೋ ವರ್ಷಗಳಲ್ಲಿ ಅವನು ಅಂಥ ಕೆಲಸ ಮಾಡಿದ್ದು ಅದೇ ಮೊದಲಿರಬೇಕು, ಇಬ್ಬರೂ ಬೇರೆ ಬೇರೆ ಕಡೆ ನೋಡಿದರು. ಒದ್ದೆ ದಣಿವು ಬಿಳಿಯ ಹಾಸಿಗೆ ಅಂಟಿ, ಸುತ್ತ ಕಂದು ಬಣ್ಣ ಹರಡತೊಡಗಿತು. ಅವಳು ಅದನ್ನು ನೋಡಬಾರದೆಂದು ಕಣ್ಣು ಮುಚ್ಚಿಕೊಂಡಳು. ಬೂರುಗದ ಹತ್ತಿ ಅವಳನ್ನು ಮೊಣಕಾಲವರೆಗಲ್ಲ, ಕಿವಿಯವರೆಗೂ ಒಳಗೆಳೆದುಕೊಂಡಿತು. ಮಾದೇವಿ ದಪ್ಪ ಪರದೆ ಎಳೆದಳು, ನಾವೆಲ್ಲ ಹೊರಗೆ ಬಂದೆವು.

ಮಾರನೆಯ ದಿನ ಮೆಸ್ ತೆರೆಯಿತು, ಆದರೆ ಒಲೆಯ ಮುಂದೆ ಇದ್ದವನು ಶಿವಮಲ್ಲಪ್ಪ. ಅವನ ಉಪ್ಪಿಟ್ಟು ತಳ ಹತ್ತಿತ್ತು, ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಗಿರಣಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿಂದರು. ಒಬ್ಬನೂ ಗೊಣಗಲಿಲ್ಲ, ಲೋಟ ಇಡುವಾಗಲೂ ಸದ್ದು ಮಾಡಲಿಲ್ಲ. ಮಧ್ಯಾಹ್ನವಾದರೂ ಕೋಣೆಯ ಬಾಗಿಲು ತೆರೆಯಲಿಲ್ಲ. ಮಾದೇವಿ ಬಾಗಿಲಲ್ಲಿ ಕೂತು ಬಳೆ ಜೋಡಿಸುತ್ತಿದ್ದಳು. ಸಾಕಮ್ಮ ದೇವರಿಗೆ ಹರಕೆ ಹೊತ್ತಳು. ನಾನು ಶಾಲೆಯಿಂದ ಬಂದವಳು ಮನೆಗೂ ಹೋಗದೆ ಅಲ್ಲೇ ಜಗಲಿಯಲ್ಲಿ ಕೂತೆ. ಒಳಗಿನಿಂದ ಏನೂ ಕೇಳಿಸುತ್ತಿರಲಿಲ್ಲ, ನನಗೆ ಅದೇ ಭಯ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆಯಿತು. ನಂಜಮಣಿ ನಿಂತಿದ್ದಳು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ಕತ್ತು ಬೋಳಾಗಿತ್ತು. ಕೈಯಲ್ಲಿ ಹಳೆಯ ಮಲ್ಲು ಪಂಚೆಯಷ್ಟು ತೆಳುವಾದದ್ದೊಂದನ್ನು ಹಿಡಿದಿದ್ದಳು. ಕೊರಳ ಹತ್ತಿರ ತಾನಾಗಿಯೇ ಬಿಟ್ಟುಕೊಂಡು ದಿಂಬಿನ ಪಕ್ಕ ಬಿದ್ದಿತ್ತಂತೆ. "ಇಷ್ಟೇ ಉಳಿದಿರೋದು" ಎಂದಳು. ಆಮೇಲೆ ಗೋಡೆಗೆ ಒರಗಿ ಅತ್ತಳು. ಶಿವಮಲ್ಲಪ್ಪ ಸೌಟು ಹಿಡಿದೇ ಅತ್ತ. ಅವನು ಈರುಳ್ಳಿ ಹೆಚ್ಚುತ್ತಿರಲಿಲ್ಲ.

ಉಳಿದದ್ದನ್ನು ಅವಳೇ ಒಯ್ದು ತಾವರೆಗೆ ಹಾಕಿದಳು. ಶಿವಮಲ್ಲಪ್ಪ ಹಿಂದೆಯೇ ಹೋಗಿ ತನ್ನದನ್ನು ಬಿಚ್ಚಿ ಎತ್ತಿ ತೋರಿಸಿದ. ಒಂದೇ ದಿನದ ಅಡುಗೆಗೆ ಅದು ಕಂಬಳಿಯಷ್ಟಾಗಿತ್ತು. "ನೋಡು ನಂಜಿ, ನನ್ನದೂ" ಎಂದ ಹೆಮ್ಮೆಯಿಂದ. "ಹಾಕಿ ಅದರ ಮೇಲೇ" ಎಂದಳು. ಹಾಸಿನ ಮೇಲೆ ಅವಳು ಮಲಗಿದ್ದ ಆಕಾರದಲ್ಲೇ ಕಂದು ಕಲೆ ಉಳಿಯಿತು. ಒಗೆದರೆ ಹೋಗಲಿಲ್ಲ. ಅವಳೂ ಹೆಚ್ಚು ತಿಕ್ಕಲಿಲ್ಲ.

ಈಗಲೂ ಕೋಣೆ ನೋಡಲು ಜನ ಬರುತ್ತಾರೆ. ಮೊನ್ನೆ ಶಾಲೆಯ ವಾರ್ಷಿಕೋತ್ಸವ ಮುಗಿಸಿ ಬಂದವಳು ನಾನೂ ಹೋದೆ, ಮೊಸರು ಕೇಳಲೆಂದು. ಮಕ್ಕಳಿಗೆ ಕೋಲಾಟ ಕಲಿಸಿ, ಬಣ್ಣ ಬಳಿದು, ಕಳೆದುಹೋದ ಕಿರೀಟಗಳನ್ನು ಹುಡುಕಿ ನನ್ನ ಹೆಗಲು ಬಿದ್ದುಹೋಗಿತ್ತು. ಕೋಣೆಯ ಬಾಗಿಲು ತೆರೆದಿತ್ತು, ಲಾವಂಚದ ವಾಸನೆ ಬರುತ್ತಿತ್ತು. ಅಭ್ಯಾಸದಂತೆ ಬಚ್ಚಲ ಕಡೆ ತಿರುಗಿದೆ.

"ಎಲ್ಲಿಗೆ?" ಎಂದಳು ನಂಜಮಣಿ.

"ಕಾಲು ತೊಳ್ಕೊಂಡು ಬರ್ತೀನಿ."

"ಏನೂ ಬೇಡ. ಹಂಗೇ ಬನ್ನಿ ಟೀಚರಮ್ಮ."

ನನ್ನ ದಣಿವನ್ನು ಅವಳೇ ಎಳೆದು ತಾವರೆಗೆ ಹಾಕಿದಳು. ಸೀಮೆಸುಣ್ಣದ ಪುಡಿ ಜಮಖಾನದ ಮೇಲೆಲ್ಲ ಉದುರಿತು. ಒರೆಸಲು ಬಗ್ಗಿದ ನನ್ನನ್ನು ತಳ್ಳಿ ಮಂಚದ ಮೇಲೆ ಕೆಡವಿದಳು. ಬಿದ್ದದ್ದು ಆ ಕಂದು ಕಲೆಯ ಮೇಲೆಯೇ. ಹತ್ತಿ ಕಿವಿಯವರೆಗೆ ಬಂತು. ಹೊರಗೆ ಶಿವಮಲ್ಲಪ್ಪ ಪಾತ್ರೆಯೊಂದನ್ನು ದಡಾರನೆ ಇಟ್ಟ ಸದ್ದಾಯಿತು.

"ಮೆಲ್ಲಗೆ ಕಣ್ರೀ" ಎಂದಳು ನಂಜಮಣಿ, ಬಾಗಿಲಾಚೆ, ಇಷ್ಟು ವರ್ಷಗಳಲ್ಲಿ ನಾನು ಕೇಳಿರದ ಪಿಸುದನಿಯಲ್ಲಿ. "ಟೀಚರಮ್ಮ ಮಲಗವ್ರೆ."